ಹೊಸ ನೀರು ಬರಲಿ, ಹಳೆ ನೀರೂ ಇರಲಿ



ಇತ್ತೀಚೆಗೆ ನ್ಯೂಜೆರ್ಸಿಯಲ್ಲಿ ನಾವು ನಾಲ್ಕು ಮನೆಯವರು ಊಟಕ್ಕೆ ಸೇರಿದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಳೇ ಲ್ಯಾಪ್‌ಟಾಪ್ ಏನ್ ಮಾಡಿದ್ರಿ?" ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಒಂದಿಷ್ಟು ಹೆಚ್ಚುವರಿ ಕಾಲ ಸಿಕ್ಕಿತು, ಅಷ್ಟೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ಹೀಗಾಗಿ ಚೆನ್ನಾಗಿ ಓಡುವ ಯಂತ್ರಗಳೂ ಕಸಕ್ಕೆ ಹೋಗುತ್ತಿವೆ.

ದಯವಿಟ್ಟು ಎಸೆಯಬೇಡಿ. ಉಬುಂಟು, ಲಿನಕ್ಸ್ ಮಿಂಟ್ ಇವೆಲ್ಲ ಪುಕ್ಕಟೆ ಸಿಗುತ್ತವೆ. ಆದರೆ ಲಿನಕ್ಸ್ ಹಾಕುವಾಗ ವಿಂಡೋಸನ್ನು ಅಳಿಸಬೇಡಿ, ಅದರ ಪಕ್ಕದಲ್ಲೇ ಇನ್ನೊಂದು ಕೋಣೆ ಮಾಡಿಕೊಡಿ. ಇದನ್ನು ನಾನು ಪೆಟ್ಟು ತಿಂದು ಕಲಿತವನು.

ಶಿವಮೊಗ್ಗದಲ್ಲಿ ಮೇಷ್ಟ್ರಾಗಿದ್ದ ನಮ್ಮ ತಂದೆ ನಿವೃತ್ತಿಯ ನಂತರ 'ನುಡಿ' ಕಲಿತು, ಒಂದೊಂದೇ ಅಕ್ಷರ ಒತ್ತಿ ನನಗೆ ಪತ್ರ ಬರೆದು ಕಳಿಸುತ್ತಿದ್ದರು. 2009ರಲ್ಲಿ ನನಗೆ ಲಿನಕ್ಸಿನ ಹುಚ್ಚು ಹತ್ತಿತು. 'ವಿಂಡೋಸ್ ಜೊತೆಗೆ ಸ್ಥಾಪಿಸು' ಎಂಬುದನ್ನು ಬಿಟ್ಟು, ನಿದ್ದೆಗಣ್ಣಲ್ಲಿ 'ಇಡೀ ಡಿಸ್ಕ್ ಅಳಿಸು' ಎಂಬುದನ್ನು ಒತ್ತಿಬಿಟ್ಟೆ. ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಯಿತು. "ಇನ್ನೊಂದು ಬೇಕು ಅಂತ ಹೋಗಿ ಇದ್ದಿದ್ದನ್ನೂ ಕಳ್ಕೊಂಡ್ರಲ್ರೀ" ಎಂದು ನನ್ನಾಕೆ ಹೇಳಿದ್ದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಅಪ್ಪ ಈಗಿಲ್ಲ. ತಂಗಿಯ ಪೆನ್‌ಡ್ರೈವಿನಲ್ಲಿ ಉಳಿದಿದ್ದ ಎರಡು ಪತ್ರಗಳಷ್ಟೇ ಸಿಕ್ಕವು.

ಅವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಚಿತ್ರವಿಚಿತ್ರ ಚಿಹ್ನೆಗಳು! ಯೂನಿಕೋಡ್ ಮನೆಮನೆಗೆ ಬರುವ ಮುಂಚೆ ಬರಹ, ನುಡಿಗಳಲ್ಲಿ ಟೈಪಿಸಿದ ಎಷ್ಟೋ ಕಡತಗಳು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಆ ಫಾಂಟ್, ಆ ತಂತ್ರಾಂಶ ಎರಡೂ ಇರುವುದು ನಿಮ್ಮ ಹಳೇ ವಿಂಡೋಸಿನಲ್ಲೇ. ಅಲ್ಲಿ ತೆರೆದು, ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಮುಂದೆ ಮೊಮ್ಮಕ್ಕಳ ಫೋನಿನಲ್ಲೂ ಓದಬಹುದು. ಆ ಕೆಲಸ ಮುಗಿಯುವವರೆಗಾದರೂ ಹಳೆಯದು ಇರಲಿ.

ಕೆಲಸ ಕಷ್ಟವಿಲ್ಲ, ತಾಳ್ಮೆ ಬೇಕು. ಮೊದಲು ಎಲ್ಲವನ್ನೂ ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ವಿಂಡೋಸ್ ಡಿಸ್ಕನ್ನು ಗೂಢಲಿಪಿಯಲ್ಲಿಟ್ಟಿದ್ದರೆ ಬಿಟ್‌ಲಾಕರ್ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮನೆ ನಿಮ್ಮದೇ ಆದರೂ ಬಾಗಿಲು ತೆರೆಯದು. ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ, ಸ್ಥಾಪಿಸದೆಯೇ ಅದರಿಂದ ಓಡಿಸಿ, ವೈಫೈ, ಪ್ರಿಂಟರ್, ಕ್ಯಾಮೆರಾ ಕೆಲಸ ಮಾಡುತ್ತವೆಯೇ ನೋಡಿ. ಸರಿ ಎನಿಸಿದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಐವತ್ತು ಜಿಬಿಯಷ್ಟು ಜಾಗ ಬಿಡಿಸಿಕೊಡಿ. ಮುಂದೆ ಪ್ರತಿ ಸಲ ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಅಂದಹಾಗೆ, ಎರಡರ ನಡುವೆ ಓಡಾಡುವಾಗ ಗಡಿಯಾರ ಕೆಲವು ಗಂಟೆ ಆಚೀಚೆ ಆದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯಕ್ಕೆ. ಎರಡು ಸಮಯದ ನಡುವೆ ಬದುಕುವುದು ನಮಗೇನು ಹೊಸದೇ?

"ಎರಡೆರಡು ಯಾಕೆ, ತಲೆನೋವು" ಎನ್ನುವವರಿದ್ದಾರೆ. ಆದರೆ ಎರಡಕ್ಕೂ ಬೇರೆ ಬೇರೆ ಕೆಲಸವಿದೆ. ಬ್ಯಾಂಕು, ಅಂತರ್ಜಾಲ, ಮಕ್ಕಳ ಹೋಮ್‌ವರ್ಕ್ ಎಲ್ಲ ಲಿನಕ್ಸಿನಲ್ಲಿ ಮಾಡಿ, ಅದಕ್ಕೆ ಭದ್ರತೆಯ ತಿದ್ದುಪಡಿಗಳು ಬರುತ್ತಿರುತ್ತವೆ. ಹಳೇ ವಿಂಡೋಸಿಗೆ ಹೋದಾಗ ವೈಫೈ ಆರಿಸಿ, ಹಳೇ ಕಡತಗಳನ್ನಷ್ಟೇ ನೋಡಿ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ 'ಕಗಪ' ವಿನ್ಯಾಸವೂ ಇದೆ. ಮಕ್ಕಳು ಅದರಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಟೈಪಿಸಿ ನೋಡಲಿ.

ಈ ಶನಿವಾರ ಬೇಸ್‌ಮೆಂಟಿನ ಆ ಲ್ಯಾಪ್‌ಟಾಪನ್ನು ಒಮ್ಮೆ ಆನ್ ಮಾಡಿ. ಅಮ್ಮನ ಅಡುಗೆ ಪಟ್ಟಿಯೋ, ಅಪ್ಪನ ಪತ್ರವೋ ಅದರೊಳಗೆ ಇರಬಹುದು. ಮೊದಲು ಅದನ್ನು ಉಳಿಸಿಕೊಳ್ಳಿ, ಆಮೇಲೆ ಹೊಸದನ್ನು ಹಾಕಿ.

ಸಿರಿಗನ್ನಡಂ ಗೆಲ್ಗೆ!