ಇ-ಪುಸ್ತಕದಲ್ಲಿ ನಮ್ಮ ಮಕ್ಕಳ ಕನ್ನಡಕ್ಕೆ ಎಡೆಯಿಲ್ಲವೇ?



ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ನಮ್ಮ ಮನೆಗೆ ಒಂದು ಹೊಸ ವಸ್ತು ಬಂತು. ಗಲ್ಫಿನಲ್ಲಿರುವ ಮಗ ರಜೆಯಲ್ಲಿ ಊರಿಗೆ ಬಂದಾಗ ತನ್ನ ಮಗಳಿಗೆಂದು ತಂದದ್ದು. ಹುಡುಗಿ ಇಲ್ಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿ ಓದುತ್ತಾಳೆ. ನಮ್ಮ ಕಾಲದ ಸ್ಲೇಟಿಗಿಂತ ಚಿಕ್ಕದಾದ, ತೆಳ್ಳಗಿನ ಒಂದು ಹಲಗೆ ಅದು. ಇ-ರೀಡರ್ ಎಂದು ಹೆಸರು. ನೂರಾರು ಪುಸ್ತಕಗಳನ್ನು ಒಳಗೆ ತುಂಬಿಸಿಟ್ಟು ಒಂದೊಂದಾಗಿ ಓದಬಹುದು. ನಿಮ್ಮಲ್ಲಿ ಕೆಲವರ ಮನೆಗೂ ಇದು ಬಂದಿರಬಹುದು. ಬಾರದಿದ್ದವರ ಮನೆಗೆ ನಾಳೆ ಬರಬಹುದು. ಆದುದರಿಂದ ಈ ವಿಷಯ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಅದರ ಗುಣವನ್ನೇ ಹೇಳಬೇಕು. ಮೊಬೈಲಿನ ಪರದೆ ತಾನೇ ಬೆಳಗಿ ಕಣ್ಣಿಗೆ ಹೊಡೆಯುತ್ತದೆ. ಇ-ರೀಡರಿನ ಪುಟವನ್ನಾದರೋ ಕಾಗದದ ಹಾಗೆ ಮೇಲೆ ಬಿದ್ದ ಬೆಳಕಿನಲ್ಲೇ ಓದಬಹುದು. ಪುಟ ತಿರುಗಿಸುವಾಗ ಮಾತ್ರ ಅದಕ್ಕೆ ವಿದ್ಯುತ್ತು ಬೇಕು. ಅಕ್ಷರ ಸುಮ್ಮನೆ ನಿಂತಿರಲು ಬೇಡ. ಹೀಗಾಗಿ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುತ್ತದೆ. ಆಟಿ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ಮನೆಯ ಮೊಬೈಲುಗಳೆಲ್ಲ ಸತ್ತು ಬಿದ್ದಿದ್ದವು. ಮೊಮ್ಮಗಳು ಮಾತ್ರ ಜಗಲಿಯಲ್ಲಿ ಕುಳಿತು ಓದುತ್ತಲೇ ಇದ್ದಳು. ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಗೆದ್ದಲು ಎಂದು ಪುಸ್ತಕ ಕಳೆದುಕೊಂಡ ನನ್ನಂಥವನಿಗೆ ಇದು ಸಣ್ಣ ಸಂಗತಿಯಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಾದ್ದರಿಂದ ನನ್ನ ಹಳೆಯ ಕಣ್ಣಿಗೂ ಹಿತವಾಯಿತು.

ತೊಂದರೆ ಶುರುವಾದದ್ದು ಒಂದು ಸಂಜೆ. "ಅಜ್ಜಾ, ಇದರಲ್ಲಿ ಕನ್ನಡ ಪುಸ್ತಕ ಇಲ್ಲವಾ?" ಎಂದು ಹುಡುಗಿ ಕೇಳಿದಳು. ಹುಡುಕಿ ಮೂರು ಪುಸ್ತಕ ತುಂಬಿಸಿದೆವು. ಮೊದಲನೆಯದು ಹಳೆಯ ಪುಸ್ತಕದ ಪುಟಗಳ ಫೋಟೋ. ಅಕ್ಷರಗಳು ರಾಗಿಕಾಳಿನಷ್ಟು ಸಣ್ಣ. ದೊಡ್ಡದು ಮಾಡಿದರೆ ಸಾಲಿನ ಕೊನೆ ಪರದೆಯಿಂದ ಆಚೆ ಹೋಗುತ್ತದೆ. ಪ್ರತಿ ಸಾಲನ್ನೂ ಬೆರಳಿನಿಂದ ಎಳೆದೆಳೆದು ಓದಬೇಕು. ಎರಡನೆಯದನ್ನು ಯಾರೋ ಬಹಳ ಹಿಂದೆ ಕಂಪ್ಯೂಟರಿನ ಹಳೆಯ ಪದ್ಧತಿಯಲ್ಲಿ ಟೈಪು ಮಾಡಿದ್ದರು. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಮೂರನೆಯದು ಈಗಿನ ಯೂನಿಕೋಡಿನಲ್ಲಿ ಸರಿಯಾಗಿ ಸಿದ್ಧಪಡಿಸಿದ ಇ-ಪುಸ್ತಕ. ಅದರಲ್ಲಿ ಕನ್ನಡ ಬಂತು, ಆದರೆ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು. "ಅಕ್ಕ" ಎಂಬುದು "ಅಕ್‌ಕ" ಆಗಿತ್ತು. "ಅಮ್ಮ" ಎಂಬುದು "ಅಮ್‌ಮ" ಆಗಿತ್ತು. ಇಂಗ್ಲಿಷ್ ಪುಸ್ತಕದಲ್ಲಿ ಒಂದು ಶಬ್ದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ. ಕನ್ನಡ ಶಬ್ದದ ಮೇಲೆ ಎಷ್ಟು ಒತ್ತಿದರೂ ಉತ್ತರವಿಲ್ಲ.

ಹುಡುಗಿ ಅರ್ಧ ಪುಟವನ್ನು ನಗುತ್ತ ಓದಿದಳು. ಉಳಿದರ್ಧವನ್ನು ಸುಮ್ಮನೆ ಓದಿದಳು. ಆಮೇಲೆ ಹೇಳಿದಳು: "ಅಜ್ಜಾ, ನಾನು ಇಂಗ್ಲಿಷಿನದ್ದೇ ಓದುತ್ತೇನೆ. ಇದರಲ್ಲಿ ಕನ್ನಡ ಓದಿದರೆ ತಲೆನೋವು ಬರುತ್ತದೆ."

ಈ ಮಾತೇ ನನ್ನನ್ನು ಬರೆಯಲು ಕೂರಿಸಿದ್ದು. ಕನ್ನಡ ಬೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಒಂದು ಸಂಜೆಯಲ್ಲಿ ಅವಳ ಓದು ಕನ್ನಡದಿಂದ ಆಚೆಗೆ ಜಾರಿತು. ಮಗು ತಪ್ಪನ್ನು ಯಂತ್ರದ ಮೇಲೆ ಹೊರಿಸುವುದಿಲ್ಲ. "ಕನ್ನಡವೇ ಕಷ್ಟ" ಎಂದು ತಿಳಿದುಕೊಳ್ಳುತ್ತದೆ.

ಕಷ್ಟ ಕನ್ನಡದ್ದೇ? ಖಂಡಿತ ಅಲ್ಲ. ಕಂಪ್ಯೂಟರು "ಅಮ್ಮ" ಎಂಬುದನ್ನು ಅ, ಮ, ಹಲಂತದ ಚಿಹ್ನೆ, ಮತ್ತೊಂದು ಮ ಎಂದು ಬಿಡಿಬಿಡಿಯಾಗಿ ನೆನಪಿಟ್ಟುಕೊಳ್ಳುತ್ತದೆ. ಪರದೆಯ ಮೇಲೆ ತೋರಿಸುವಾಗ ಅವನ್ನು ಕೂಡಿಸಿ ಒತ್ತು ಕೊಡುವ ವ್ಯವಸ್ಥೆ ಉಪಕರಣದೊಳಗೆ ಇರಬೇಕು. ಅಕ್ಷರದ ಅಚ್ಚು ಮಾತ್ರ ಇದ್ದರೆ ಸಾಲದು, ಜೋಡಿಸುವ ಕೈಯೂ ಬೇಕು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಟ್ಟ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲಿ ಒತ್ತಕ್ಷರಗಳು ಮುತ್ತು ಪೋಣಿಸಿದಂತೆ ಬರುತ್ತವೆ. ಅಲ್ಲಿ ಆದದ್ದು ಇಲ್ಲಿ ಆಗದಿದ್ದರೆ ಕೊರತೆ ಲಿಪಿಯದ್ದಲ್ಲ. ತಯಾರಿಸಿದವರು ಮಾಡದೆ ಬಿಟ್ಟ ಕೆಲಸದ್ದು.

ಇನ್ನೊಂದು ಸಂಗತಿ ಕೇಳಿ. ಇ-ರೀಡರುಗಳಲ್ಲಿ ಹೆಸರಾದ ಕಿಂಡಲ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2007ರಲ್ಲಿ. 2016ರ ಡಿಸೆಂಬರಿನಲ್ಲಿ ಅದು ಐದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳ. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಬೆಂಗಳೂರಿನಲ್ಲಿರುವವರಿಗೆ ಇದೊಂದು ಸಣ್ಣ ಸುದ್ದಿಯಾಗಿದ್ದೀತು. ಕಾಸರಗೋಡಿನಲ್ಲಿ ಹಾಗಲ್ಲ. ಇಲ್ಲಿ ಒಂದೇ ಶಾಲೆಯ ಒಂದೇ ಜಗಲಿಯಲ್ಲಿ ಆಚೆ ಕೋಣೆ ಮಲಯಾಳ ಮಾಧ್ಯಮ, ಈಚೆ ಕೋಣೆ ಕನ್ನಡ ಮಾಧ್ಯಮ. ಆಚೆಯ ಮಗುವಿಗೆ ತೆರೆದ ಬಾಗಿಲು ಈಚೆಯ ಮಗುವಿಗೆ ತೆರೆಯಲಿಲ್ಲ. ಮಲಯಾಳಕ್ಕೆ ಸಿಕ್ಕಿತೆಂದು ನಮಗೆ ಹೊಟ್ಟೆಕಿಚ್ಚಿಲ್ಲ, ಸಿಗಬೇಕಾದದ್ದೇ. ಆದರೆ 2011ರ ಜನಗಣತಿಯಲ್ಲಿ ಮಲಯಾಳ ಮಾತೃಭಾಷೆಯವರು ಸುಮಾರು 3.48 ಕೋಟಿ, ಕನ್ನಡದವರು ಸುಮಾರು 4.37 ಕೋಟಿ. ಹಾಗಾದರೆ ಜನಸಂಖ್ಯೆ ಕಡಿಮೆಯೆಂಬ ನೆಪ ನಡೆಯುವುದಿಲ್ಲ.

ಹೇಳಬಹುದಾದ ಇನ್ನೊಂದು ನೆಪ "ಬೇಡಿಕೆ ಇಲ್ಲ" ಎಂಬುದು. ಬಂಧುಗಳೇ, ಈ ಮಾತು ನಮಗೆ ಹೊಸತೇ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಎಷ್ಟು ಮೇಜುಗಳ ಆಚೆಯಿಂದ ಇದನ್ನು ಕೇಳಿಲ್ಲ? ಕನ್ನಡದ ಅರ್ಜಿ ನಮೂನೆ ಕೇಳಿದರೆ "ಯಾರೂ ಕೇಳುವುದಿಲ್ಲ." ಕನ್ನಡ ಬಲ್ಲ ಅಧ್ಯಾಪಕರನ್ನು ಕೇಳಿದರೆ "ಮಕ್ಕಳು ಕಡಿಮೆ." ಸಿಗದ ವಸ್ತುವನ್ನು ಜನ ಕೇಳುವುದನ್ನು ಬಿಡುತ್ತಾರೆ, ಕೇಳುವುದನ್ನು ಬಿಟ್ಟರೆಂದು ವಸ್ತುವನ್ನು ಕೊಡುವುದಿಲ್ಲ. ಈ ಗಾಣದಿಂದ ಹೊರಬರಬೇಕಾದವರು ನಾವೇ.

ಶಾಲೆಯ ಮಾಡು ಸೋರುವಾಗ, ಅಧ್ಯಾಪಕರ ಹುದ್ದೆ ಖಾಲಿ ಇರುವಾಗ ಈ ಆಟಿಕೆಯ ಚಿಂತೆ ಯಾಕೆ ಎಂದು ನೀವು ಕೇಳಬಹುದು. ಆ ಚಿಂತೆಗಳು ದೊಡ್ಡವೇ, ಅವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಮಗು ಪರೀಕ್ಷೆಗಾಗಿ ಮಾತ್ರ ಕನ್ನಡ ಓದಿ, ಸಂತೋಷಕ್ಕಾಗಿ ಇನ್ನೊಂದು ಭಾಷೆಯನ್ನು ಓದತೊಡಗಿದರೆ, ಹತ್ತನೇ ತರಗತಿಯ ಮರುದಿನ ಕನ್ನಡ ಪುಸ್ತಕ ಮುಚ್ಚಿಹೋಗುತ್ತದೆ. ಆಮೇಲೆ ನಾವು ಉಳಿಸುವ ಶಾಲೆಯಲ್ಲಿ ಉಳಿಯುವುದೇನು?

ಹೊಸ ಸಾಧನ ಕನ್ನಡಕ್ಕೆ ತಾನಾಗಿ ಒಲಿದು ಬಂದದ್ದು ಹಿಂದೆಯೂ ಇಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ "ಮಂಗಳೂರ ಸಮಾಚಾರ"ವನ್ನು ಹೊರತಂದಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕೈಯಿಂದ ಬರೆದುದನ್ನು ಕಲ್ಲಿಗಿಳಿಸಿ ಅಚ್ಚು ಹಾಕುವ ಕ್ರಮವದು. ಇದ್ದ ಸಾಧನದಲ್ಲೇ ಮೊದಲ ಕನ್ನಡ ಪತ್ರಿಕೆ ಹೊರಟಿತು. ನಮಗೂ ಇದ್ದುದರಲ್ಲೇ ಆರಂಭಿಸಲು ಸಾಧ್ಯವಿದೆ.

ಮೊದಲನೆಯದಾಗಿ, ಇಂಥ ಉಪಕರಣ ಕೊಳ್ಳುವ ಮೊದಲು ಅದರಲ್ಲಿ ಒಂದು ಕನ್ನಡ ಪುಟ ತೆರೆದು ತೋರಿಸಲು ಹೇಳಿ. ಅಮ್ಮ, ಸೂರ್ಯ, ರಾಷ್ಟ್ರ, ಶಾಸ್ತ್ರ ಎಂಬ ನಾಲ್ಕು ಶಬ್ದಗಳು ಸರಿಯಾಗಿ ಬಂದರೆ ಉಳಿದುದು ಬಂದೀತು. ಬಾರದಿದ್ದರೆ ಕೊಳ್ಳದೆ ಬನ್ನಿ. ಯಾಕೆ ಕೊಳ್ಳಲಿಲ್ಲವೆಂದು ಹೇಳಿಯೇ ಬನ್ನಿ.

ಎರಡನೆಯದಾಗಿ, ಈಗಾಗಲೇ ಸಿಗುವುದನ್ನು ಬಳಸಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕತೆಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ. ಇಳಿಸಿಕೊಳ್ಳಬಹುದು, ಮುದ್ರಿಸಿ ತರಗತಿಗೆ ಹಂಚಲೂಬಹುದು. ಕನ್ನಡ ವಿಕಿಸೋರ್ಸ್‌ನ ಪುಸ್ತಕಗಳನ್ನು ಇ-ಪುಸ್ತಕದ ರೂಪದಲ್ಲೇ ಇಳಿಸಿಕೊಳ್ಳಬಹುದು. ಇ-ರೀಡರಿನಲ್ಲಿ ಒತ್ತು ಕಳಚಿದರೆ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಓದಲಿ. ಕಾಗದದ ಪುಸ್ತಕವಂತೂ ಮಗುವಿನ ಕೈಯಿಂದ ತಪ್ಪದಿರಲಿ.

ಮೂರನೆಯದು ನಮ್ಮ ಜಿಲ್ಲೆಗೇ ಸೇರಿದ ಕೆಲಸ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕ ತೀರಿದ ವರ್ಷದ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯವಿರುತ್ತದೆ. ಅಂದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. "ಗಿಳಿವಿಂಡು" ಮತ್ತು "ಗೊಲ್ಗೊಥಾ"ವನ್ನು ಶುದ್ಧ ಯೂನಿಕೋಡಿನಲ್ಲಿ ಟೈಪು ಮಾಡಿ ಇ-ಪುಸ್ತಕ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಹೈಸ್ಕೂಲುಗಳ ಐ.ಟಿ. ತರಗತಿಯಲ್ಲಿ ಕಂಪ್ಯೂಟರುಗಳಿವೆ. ಮಕ್ಕಳು ತಲಾ ನಾಲ್ಕು ಪುಟ ಟೈಪು ಮಾಡಿ, ಅಧ್ಯಾಪಕರು ತಿದ್ದಿಕೊಟ್ಟರೆ ಒಂದು ಶಾಲೆಯಿಂದ ವರ್ಷಕ್ಕೊಂದು ಪುಸ್ತಕ ಹೊರಡುವುದು ಕಷ್ಟವೇನಲ್ಲ.

ನಾಲ್ಕನೆಯದಾಗಿ, ಹಕ್ಕಿನಿಂದ ಕೇಳಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಓದುವ ಸಾಧನ ಬದಲಾದಾಗ ಸೌಕರ್ಯದ ಅರ್ಥವೂ ಬೆಳೆಯಬೇಕಲ್ಲವೇ? ಶಾಲಾ ಗ್ರಂಥಾಲಯಕ್ಕೆ ಯಾವುದೇ ಉಪಕರಣ ಕೊಳ್ಳುವಾಗ ಕನ್ನಡ ಸರಿಯಾಗಿ ಮೂಡಬೇಕೆಂಬುದು ಖರೀದಿಯ ಷರತ್ತಾಗಿರಲಿ ಎಂದು ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಒಂದು ನಿರ್ಣಯ ಮಾಡಿ, ಬರೆದು ಕಳುಹಿಸಿ.

ನಮ್ಮ ಮನೆಯ ಹಲಗೆ ಇನ್ನೂ ಸರಿಯಾಗಿಲ್ಲ. ಅದನ್ನು ತಯಾರಿಸಿದವರಿಗೆ ಮೊಮ್ಮಗಳು ತಾನೇ ಒಂದು ಪತ್ರ ಬರೆದಿದ್ದಾಳೆ. ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟು, "ಅಮ್ಮ" ಎಂಬುದನ್ನು ಹೇಗೆ ಬರೆಯಬೇಕೆಂದು ದೊಡ್ಡ ಅಕ್ಷರದಲ್ಲಿ ತೋರಿಸಿದ್ದಾಳೆ. ಉತ್ತರ ಬಂದಿಲ್ಲ. ಒಂದು ಮನೆಯಿಂದ ಹೋದ ಪತ್ರ ಮೂಲೆಗೆ ಬೀಳಬಹುದು. ನೂರು ಮನೆಗಳಿಂದ ಹೋದರೆ ಅದನ್ನು ಬೇಡಿಕೆ ಎನ್ನಲೇಬೇಕಾಗುತ್ತದೆ. ಎರಡನೆಯ ಪತ್ರ ನಿಮ್ಮ ಮನೆಯಿಂದ ಹೋಗಲಿ.