ಗಂಟು ಹೊರುವ ಮುನ್ನ

ಮಹಾಶಿವರಾತ್ರಿ ಸಮೀಪಿಸಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಊರೂರುಗಳಲ್ಲಿ ಮಾದಪ್ಪನ ಬೆಟ್ಟದ ಮಾತು ಆರಂಭವಾಗುತ್ತದೆ. ಬಸ್ಸಿನಲ್ಲಿ ಹೋಗುವವರು ಹಲವರು. ಮೈಸೂರಿನಿಂದಲೋ ಕೊಳ್ಳೇಗಾಲದಿಂದಲೋ ನಡೆಯುವವರು ಕೆಲವರು. ಮನೆಯ ಹೊಸ್ತಿಲಿನಿಂದಲೇ ನಡೆದು ಹೊರಡುವವರೂ ಇದ್ದಾರೆ. ಇವರಲ್ಲಿ ಬರಿಗೈಯಲ್ಲಿ ನಡೆಯಲೊಪ್ಪದ ಭಕ್ತರು ದಾಸೋಹಕ್ಕೆಂದು ಅಕ್ಕಿ, ಬೇಳೆ, ಬೆಲ್ಲಗಳ ಗಂಟನ್ನು ಹೊತ್ತು ಸಾಗುತ್ತಾರೆ. ಈ ನಡಿಗೆ ಮಲೆಯ ಮಹದೇಶ್ವರರ ಸ್ಮರಣೆ. ಅದರೊಳಗೇ ಮನೆಯ ಹಿರಿಯರ ಸ್ಮರಣೆಯೂ ಹೌದು. ತಂದೆ ವರ್ಷವರ್ಷವೂ ಹೊರುತ್ತಿದ್ದ ಗಂಟನ್ನು, ಅವರು ಲಿಂಗೈಕ್ಯರಾದ ವರ್ಷ ಮಗ ತನ್ನ ಹೆಗಲಿಗೇರಿಸಿಕೊಳ್ಳುತ್ತಾನೆ.

ಆ ಗಂಟಿನ ಬಗೆಗೆ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮೂರು ತಿಂಗಳ ಅಭ್ಯಾಸ ಮಾಡದವನು ಗಂಟು ಹೊರಬಾರದು. ಅವನು ನಡೆಯಲಿ, ಸಂತೋಷ. ಗಂಟು ಮಾತ್ರ ಬೇಡ. ಇದು ಕೆಲವರಿಗೆ ಕಠಿಣವೆನಿಸಬಹುದು. ಆದರೆ ಈ ಮಾತನ್ನು ನಾವು ಪುಸ್ತಕ ಓದಿ ಕಲಿತವರಲ್ಲ, ತಪ್ಪು ಮಾಡಿ ಕಲಿತವರು.

ಕೆಲವು ವರ್ಷಗಳ ಹಿಂದೆ ಹುಣಸೂರಿನ ಕಡೆಯಿಂದ ನಾವು ಹನ್ನೊಂದು ಮಂದಿ ಹೊರಟೆವು. ಎಲ್ಲರೂ ಬೇಸಾಯದವರು. ಹೊಗೆಸೊಪ್ಪಿನ ಬೇಲು ಎತ್ತುವ ತೋಳುಗಳಿಗೆ ಹದಿನೈದು ಕಿಲೋ ಅಕ್ಕಿ ಯಾವ ಲೆಕ್ಕವೆಂದು ನಕ್ಕೆವು. ಅಭ್ಯಾಸವೆಂಬ ಮಾತೇ ಯಾರ ಬಾಯಲ್ಲೂ ಬರಲಿಲ್ಲ. ಎರಡನೆಯ ದಿನ ಮೈಸೂರು ದಾಟುವ ವೇಳೆಗೆ ಆರು ಮಂದಿಯ ಅಂಗಾಲಿನಲ್ಲಿ ಬೊಬ್ಬೆಗಳೆದ್ದಿದ್ದವು. ನಾಲ್ಕನೆಯ ದಿನದ ಸಂಜೆ ನಮ್ಮಲ್ಲೊಬ್ಬರು ಬೂಟು ಬಿಚ್ಚಿದಾಗ ಕಾಲುಚೀಲ ರಕ್ತದಿಂದ ಅಂಟಿಕೊಂಡಿತ್ತು. ಅವರಿಗೆ ನೋವೇ ತಿಳಿದಿರಲಿಲ್ಲ. ಅವರು ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯವರೆಂಬುದನ್ನು ನಾವು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ತಂದೆಯ ನೆನಪಿನ ಗಂಟನ್ನು ಕೆಳಗಿಡಲು ಅವರಿಗೆ ಮನಸ್ಸಾಗಲಿಲ್ಲ. ಇಡಿರೆಂದು ಹೇಳಲು ನಮಗೆ ಧೈರ್ಯವಾಗಲಿಲ್ಲ. ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಬಲಗಾಲಿನ ಒಂದು ಬೆರಳನ್ನು ಅವರು ಕಳೆದುಕೊಂಡರು. ಆ ಬೆರಳಿನ ಲೆಕ್ಕ ನಮ್ಮೆಲ್ಲರ ಮೇಲಿದೆ.

ದುಡಿಯುವ ಮೈಗೆ ಬೇರೆ ಅಭ್ಯಾಸವೇಕೆ ಎಂಬ ಪ್ರಶ್ನೆ ಸಹಜವಾದುದೇ. ಉತ್ತರ ಸರಳವಾಗಿದೆ. ಹೊಲದ ದುಡಿಮೆಯಲ್ಲಿ ಬಾಗುತ್ತೇವೆ, ಏಳುತ್ತೇವೆ, ಮೂಟೆಯನ್ನು ಹತ್ತು ಮಾರು ಹೊತ್ತು ಇಳಿಸುತ್ತೇವೆ, ನೆರಳಿನಲ್ಲಿ ಕೂರುತ್ತೇವೆ. ಕಾಲಡಿಯಲ್ಲಿ ಮೆತ್ತನೆಯ ಮಣ್ಣಿರುತ್ತದೆ. ದೂರದ ನಡಿಗೆಯಲ್ಲಿ ಹಾಗಲ್ಲ. ಒಂದು ಕಿಲೋಮೀಟರಿಗೆ ಸುಮಾರು 1,300 ಹೆಜ್ಜೆಯೆಂದರೂ ದಿನಕ್ಕೆ 30 ಕಿ.ಮೀ. ನಡೆಯುವವನು 39,000 ಹೆಜ್ಜೆ ಇಡುತ್ತಾನೆ. ಅಷ್ಟು ಸಲವೂ ಅದೇ ಅಂಗಾಲು, ಅದೇ ಮೂಳೆ, ಅದೇ ಮೊಣಕಾಲು ಗಟ್ಟಿ ಡಾಂಬರಿನ ಮೇಲೆ ಮೈಯ ಭಾರದೊಡನೆ ಗಂಟಿನ ಭಾರವನ್ನೂ ತಡೆಯಬೇಕು. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ. ಮೂಳೆಗಳೂ ಸ್ನಾಯುರಜ್ಜುಗಳೂ ಅಷ್ಟು ಬೇಗ ಒಗ್ಗುವುದಿಲ್ಲ. ಆದುದರಿಂದಲೇ ಉತ್ಸಾಹ ಮುಂದೆ ಹೋಗಿ ಪಾದ ಹಿಂದೆ ಉಳಿಯುತ್ತದೆ. 1855ರಷ್ಟು ಹಿಂದೆಯೇ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹಾಪ್ಟ್ ಎಂಬವರು, ದೀರ್ಘ ನಡಿಗೆಯ ತರುವಾಯ ಸೈನಿಕರ ಪಾದಗಳು ಊದಿ ನೋಯುವುದನ್ನು ದಾಖಲಿಸಿದರು. ಕ್ಷ-ಕಿರಣ ಬಂದ ಮೇಲೆ ಅದು ಪಾದದ ಮೂಳೆಗಳಲ್ಲಿ ಮೂಡುವ ಕೂದಲೆಳೆಯ ಬಿರುಕೆಂಬುದು ತಿಳಿಯಿತು.

ಹೊರೆ ಹೊತ್ತು ಸ್ಮರಣೆಗಾಗಿ ನಡೆಯುವುದು ನಮ್ಮ ನಾಡಿಗಷ್ಟೇ ಸೀಮಿತವಲ್ಲ. 1942ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸಿನ ಬಟಾನ್ ಎಂಬಲ್ಲಿ ಜಪಾನೀ ಸೇನೆಗೆ ಶರಣಾದ ಫಿಲಿಪ್ಪೀನೀ ಮತ್ತು ಅಮೆರಿಕನ್ ಸೈನಿಕರನ್ನು ಅನ್ನನೀರಿಲ್ಲದೆ ನಡೆಸಲಾಯಿತು. ಸಾವಿರಾರು ಮಂದಿ ದಾರಿಯಲ್ಲೇ ಮಡಿದರು. ಅವರ ನೆನಪಿಗಾಗಿ 1989ರಿಂದ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಮರುಭೂಮಿಯ ನಡಿಗೆಯೊಂದು ನಡೆದುಬಂದಿದೆ. ದೂರ 42 ಕಿ.ಮೀ. ಭಾರದ ವಿಭಾಗದಲ್ಲಿ ನಡೆಯುವವರು ಕನಿಷ್ಠ 16 ಕಿಲೋ ಹೊರಬೇಕು. ಅನೇಕರು ಚೀಲಕ್ಕೆ ಅಕ್ಕಿಯನ್ನೂ ಕಾಳನ್ನೂ ತುಂಬಿ, ನಡಿಗೆ ಮುಗಿದ ಮೇಲೆ ಹಸಿದವರಿಗಾಗಿ ಕೊಟ್ಟುಬಿಡುತ್ತಾರೆ. ದಾಸೋಹವೆಂಬ ಪದವನ್ನು ಅವರು ಕೇಳಿರಲಾರರು, ಭಾವ ಮಾತ್ರ ಅದೇ. ಆದರೆ ಅಂತಹ ನಡಿಗೆಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಅಲ್ಲಿ ವಾಡಿಕೆ. ಅದು ಒಂದು ದಿನದ ನಡಿಗೆ. ಮೈಸೂರಿನಿಂದ ತಿರುಮಕೂಡಲು ನರಸೀಪುರ, ಕೊಳ್ಳೇಗಾಲ, ಹನೂರು, ತಾಳಬೆಟ್ಟದ ಮೂಲಕ ಬೆಟ್ಟಕ್ಕೆ ಸುಮಾರು 150 ಕಿ.ಮೀ.; ಹುಣಸೂರಿನವರಿಗೆ ಇನ್ನೂ 45, ಕೃಷ್ಣರಾಜನಗರದವರಿಗೆ ಸುಮಾರು 40, ಪಿರಿಯಾಪಟ್ಟಣದವರಿಗೆ ಅದಕ್ಕೂ ಹೆಚ್ಚು. ಒಂದು ದಿನಕ್ಕೆ ಅವರು ಅಷ್ಟು ಸಿದ್ಧರಾಗುವುದಾದರೆ ಆರೇಳು ದಿನಕ್ಕೆ ನಾವು ಸಿದ್ಧರಾಗದೆ ಹೊರಡುವುದು ಯಾವ ನ್ಯಾಯ?

ಸಿದ್ಧತೆಗೆ ನಮ್ಮ ಪಂಚಾಂಗವೇ ದಾರಿ ತೋರುತ್ತದೆ. ಕಾರ್ತಿಕದ ದೀಪ ಮುಗಿದಂದಿನಿಂದ ಶಿವರಾತ್ರಿಗೆ ಸರಿಯಾಗಿ ಮೂರು ತಿಂಗಳು. ಮಾರ್ಗಶಿರದಲ್ಲಿ ಗಂಟು ಬೇಡ. ವಾರಕ್ಕೆ ನಾಲ್ಕು ದಿನ ಐದು ಕಿಲೋಮೀಟರಿನಂತೆ ಆರಂಭಿಸಿ, ತಿಂಗಳ ಕೊನೆಗೆ ವಾರಕ್ಕೊಂದು ದಿನ ಹನ್ನೆರಡು ಕಿ.ಮೀ. ತಲುಪಿದರೆ ಸಾಕು. ಹೊಗೆಸೊಪ್ಪಿನ ಹರಾಜಿನ ಓಡಾಟ, ಭತ್ತದ ಒಕ್ಕಣೆಗಳ ನಡುವೆ ಸಮಯವೆಲ್ಲಿ ಎನ್ನುವವರು ಹೊಲಕ್ಕೆ ಬೈಕಿನಲ್ಲಿ ಹೋಗುವುದನ್ನು ಬಿಟ್ಟು ನಡೆಯಲಿ. ಪುಷ್ಯದಲ್ಲಿ ಮೂರು ಕಿಲೋ ಗಂಟಿನಿಂದ ತೊಡಗಿ ವಾರಕ್ಕೊಂದು ಕಿಲೋ ಏರಿಸಬಹುದು. ಭಾರ ಏರಿಸಿದ ವಾರ ದೂರವನ್ನು ಏರಿಸಬಾರದು. ಪುಷ್ಯ ಬಹುಳದಲ್ಲಿ ಸುತ್ತೂರಿನ ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆ ಬರುತ್ತದೆ. ಶಿವರಾತ್ರಿಗೆ ಆಗ ಉಳಿದಿರುವುದು ಸುಮಾರು ಒಂದು ತಿಂಗಳು. ಮೈಸೂರಿನಿಂದ ಸುತ್ತೂರಿಗೆ ಒಂದು ಹಗಲಿನ ದಾರಿ. ಅದನ್ನೇ ಪರೀಕ್ಷೆಯೆಂದು ಭಾವಿಸಿ ಗಂಟಿನೊಡನೆ ನಡೆಯಿರಿ. ಮರುದಿನ ಎದ್ದು ಕುಂಟದೆ ಹತ್ತು ಕಿಲೋಮೀಟರ್ ನಡೆಯಲು ಸಾಧ್ಯವಾದರೆ ಗಂಟು ನಿಮ್ಮದು. ಮಾಘದ ಮೊದಲ ಪಕ್ಷದಲ್ಲಿ ಎರಡು ದಿನ ಸತತವಾಗಿ ನಡೆಯುವ ಅಭ್ಯಾಸವಾಗಲಿ. ಕಡೆಯ ಹತ್ತು ದಿನ ನಡಿಗೆಯನ್ನು ಅರ್ಧಕ್ಕಿಳಿಸಿ ಮೈಗೆ ವಿಶ್ರಾಂತಿ ಕೊಡಬೇಕು.

ಅಭ್ಯಾಸದ ಜಾಗಗಳು ಮನೆಯ ಬಳಿಯಲ್ಲೇ ಇವೆ. ಪಿರಿಯಾಪಟ್ಟಣದವರಿಗೆ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಮೆಟ್ಟಿಲುಗಳಿಗಿಂತ ಉತ್ತಮ ಗುರು ಬೇರಿಲ್ಲ. ತಾಳಬೆಟ್ಟದ ನಂತರದ ಏರಿಗೆ ಕಾಲು ಅಲ್ಲಿಯೇ ಪಳಗುತ್ತದೆ. ಇಳಿಯುವಾಗ ನಿಧಾನವಿರಲಿ, ಮೊಣಕಾಲನ್ನು ಕಾಡುವುದು ಏರಿಗಿಂತ ಇಳಿಜಾರು. ಕೃಷ್ಣರಾಜನಗರದವರಿಗೆ ನಾಲೆಯ ಏರಿಗಳಿವೆ. ಹೆಗ್ಗಡದೇವನಕೋಟೆ ಹಾಗೂ ಹುಣಸೂರಿನ ಕಾಡಂಚಿನ ಊರುಗಳವರು ಬೆಳಕು ಹರಿದ ಮೇಲೆಯೇ ಹೊರಡಬೇಕು. ಆನೆ ತನ್ನ ದಾರಿಯಲ್ಲಿ ನಮ್ಮ ಅಭ್ಯಾಸವನ್ನು ಲೆಕ್ಕಿಸುವುದಿಲ್ಲ. ಮಹದೇಶ್ವರ ಬೆಟ್ಟದ ಹಾದಿಯಲ್ಲೂ ಇದೇ ನಿಯಮ. ಅದೂ ವನ್ಯಧಾಮ, ಕತ್ತಲೆಯ ನಡಿಗೆ ಸಲ್ಲದು.

ಗಂಟಿನ ಭಾರವೆಷ್ಟಿರಬೇಕು? ಮೊದಲ ಸಲದವರಿಗೆ ಮೈತೂಕದ ಹತ್ತನೆಯ ಒಂದು ಪಾಲು ಸಾಕು. 60 ಕಿಲೋ ತೂಗುವವರಿಗೆ ಆರು ಕಿಲೋ. ಪಳಗಿದವರೂ ಆರನೆಯ ಒಂದು ಪಾಲನ್ನು ಮೀರಬಾರದೆಂಬುದು ನಮ್ಮ ಮತ. ಒಂದೇ ಹೆಗಲಿನ ಜೋಳಿಗೆಯಾಗಲಿ ತಲೆಹೊರೆಯಾಗಲಿ ಇಷ್ಟು ದೂರಕ್ಕೆ ಬೇಡ. ಎರಡು ಹೆಗಲಿಗೂ ಪಟ್ಟಿಯಿದ್ದು ಸೊಂಟಕ್ಕೆ ಬಿಗಿಯುವ ಚೀಲ ಲೇಸು. ಭಾರದ ವಸ್ತುಗಳು ಬೆನ್ನಿಗೆ ಅಂಟಿಕೊಂಡಿರಲಿ. ಪಾದರಕ್ಷೆ ಹೊಸದಾಗಿರಬಾರದು; ಮೂರು ತಿಂಗಳ ಅಭ್ಯಾಸವನ್ನು ಅದೇ ಜೋಡಿಯಲ್ಲಿ ಮಾಡಿರಬೇಕು. ನಡೆದಂತೆ ಪಾದ ಊದುವುದರಿಂದ ತುಸು ಸಡಿಲವಿರಲಿ. ಅಂಗಾಲಿನಲ್ಲಿ ಉರಿ ಕಂಡೊಡನೆ ನಿಂತು ಪಟ್ಟಿ ಹಚ್ಚಿರಿ; ಮುಂದಿನ ಊರಿನಲ್ಲಿ ನೋಡೋಣವೆಂದರೆ ಅಷ್ಟರಲ್ಲಿ ಬೊಬ್ಬೆಯಾಗಿರುತ್ತದೆ. ಬೊಬ್ಬೆಯ ಚರ್ಮವನ್ನು ಕಿತ್ತುಹಾಕಬೇಡಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಯುಳ್ಳವರು ತಿಂಗಳ ಮೊದಲೇ ವೈದ್ಯರನ್ನು ಕಾಣಬೇಕು. ಯಾತ್ರೆಯೆಂದು ಮಾತ್ರೆ ನಿಲ್ಲಿಸಬಾರದು. ಉಪವಾಸವೂ ನಡಿಗೆಯೂ ಸೇರಿದರೆ ಸಕ್ಕರೆಯ ಅಂಶ ಅಪಾಯಕರವಾಗಿ ಇಳಿಯಬಹುದು, ಕೈಯಲ್ಲಿ ಬೆಲ್ಲವಿರಲಿ. ಅಂಗಾಲಿನ ಸ್ಪರ್ಶಜ್ಞಾನ ಕುಗ್ಗಿದವರು ಬರಿಗಾಲಿನ ಹರಕೆ ಹೊತ್ತಿದ್ದರೆ ಗುರುಗಳಲ್ಲಿ ಬಿನ್ನವಿಸಿ ಅದನ್ನು ಬೇರೆ ಸೇವೆಗೆ ಬದಲಿಸಿಕೊಳ್ಳಲಿ. ಬಿಸಿಲಿನಲ್ಲಿ ಬರಿಯ ನೀರನ್ನೇ ಕುಡಿಯದೆ ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆಯ ಪಾನಕ ಅಥವಾ ಓಆರ್‌ಎಸ್ ಸೇವಿಸಬೇಕು. ಎದೆ ಬಿಗಿದರೆ, ತೋಳಿಗೋ ದವಡೆಗೋ ನೋವು ಹರಿದರೆ, ಗಂಟನ್ನು ಅಲ್ಲಿಯೇ ಇಳಿಸಿ 108ಕ್ಕೆ ಕರೆಮಾಡಿರಿ. ಯಾರಾದರೂ ಬಿಸಿಲಿನಲ್ಲಿ ಅಸಂಬದ್ಧ ಮಾತನಾಡತೊಡಗಿದರೆ ನೆರಳಿಗೆ ಸೇರಿಸಿ ಮೈಗೆ ತಣ್ಣೀರು ಸುರಿದು ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿರಿ.

‘ಮಾದಪ್ಪ ನಡೆಸುತ್ತಾನೆ, ನಮ್ಮದೇನಿದೆ’ ಎನ್ನುವ ಹಿರಿಯರಿದ್ದಾರೆ. ಅವರ ನಂಬಿಕೆಗೆ ನಾವು ತಲೆಬಾಗುತ್ತೇವೆ. ಆದರೆ ಅದೇ ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸಿದರೆಂದು ಜನಪದ ಕಾವ್ಯ ಹಾಡುತ್ತದೆ. ಪವಾಡಪುರುಷರೇ ಕೈಯಾರೆ ಕಾಯಕ ಮಾಡಿದ ಮೇಲೆ ಭಕ್ತರಿಗೆ ಕಾಯಕದಿಂದ ವಿನಾಯಿತಿಯೆಲ್ಲಿ? ಬೆಳಗಿನ ಅಭ್ಯಾಸವೇ ಈ ಯಾತ್ರೆಯ ಕಾಯಕ. ಶರಣರು ದೇಹವನ್ನೇ ದೇಗುಲವಾಗಿ ಕಂಡವರು. ಆ ದೇಗುಲವನ್ನು ಕೆಡವಿ ಸಲ್ಲಿಸುವ ಹರಕೆಯನ್ನು ಅವರು ಮೆಚ್ಚಿಯಾರೆ? ಇನ್ನೂ ಒಂದು ಮಾತು. ದಾರಿಯಲ್ಲಿ ಬಿದ್ದವನ ಗಂಟು ನೆಲದಲ್ಲಿ ಉಳಿಯುವುದಿಲ್ಲ, ಜೊತೆಯವರ ಹೆಗಲೇರುತ್ತದೆ. ಅನ್ನ ನೀಡಹೊರಟವನು ಆಗ ಅನ್ಯರಿಗೆ ಭಾರವಾಗುತ್ತಾನೆ.

ಆದುದರಿಂದ ಪಾದಯಾತ್ರೆಯ ತಂಡಗಳಿಗೆ ನಮ್ಮ ಬಿನ್ನಹವಿದು. ಕಾರ್ತಿಕದಲ್ಲಿಯೇ ಹೆಸರು ಬರೆಸಿಕೊಳ್ಳಿ. ಕಾಯಿಲೆಗಳನ್ನು ಸಂಕೋಚವಿಲ್ಲದೆ ಕೇಳಿ. ಸುತ್ತೂರಿನ ನಡಿಗೆ ಪೂರೈಸದವರು ಖಾಲಿ ಹೆಗಲಿನಲ್ಲಿ ನಡೆಯಲಿ, ಅವರ ಗಂಟು ತಂಡದ ವಾಹನದಲ್ಲಿ ಬರಲಿ. ಅದರಲ್ಲಿ ಅವಮಾನವಿಲ್ಲ. ನಿಧಾನವಾಗಿ ನಡೆಯುವವರು ಮುಂದಿರಲಿ. ಪ್ರತಿ ಸಂಜೆ ಎಲ್ಲರ ಪಾದಗಳನ್ನೂ ಒಬ್ಬರು ನೋಡಲಿ.

ನಮ್ಮ ತಂಡದಲ್ಲಿ ಆ ಸೇವೆಯನ್ನು ಮಾಡುತ್ತಿರುವವರು ಬೆರಳು ಕಳೆದುಕೊಂಡ ಆ ಬಂಧುವೇ. ಅವರೀಗ ಗಂಟು ಹೊರುವುದಿಲ್ಲ, ತಂಡದ ವಾಹನದಲ್ಲಿ ಬರುತ್ತಾರೆ. ಸಂಜೆ ಬಿಡಾರ ಹೂಡಿದ ಮೇಲೆ ಟಾರ್ಚ್ ಹಿಡಿದು ಒಬ್ಬೊಬ್ಬರ ಅಂಗಾಲನ್ನೂ ತೊಳೆದು, ಒರೆಸಿ, ನೋಡುತ್ತಾರೆ. ತಂದೆಯ ನೆನಪಿಗೆ ಇದು ಸಾಲದೆ ಎಂದು ಕೇಳಿದರೆ ನಮ್ಮಲ್ಲಿ ಯಾರೂ ಸಾಲದೆನ್ನಲಾರರು.