ತಾಣ ಕಟ್ಟಿದರಷ್ಟೇ ಸಾಲದು

ಪರರಾಜ್ಯಗಳಲ್ಲಿರುವ ನಮ್ಮ ಸಂಘಗಳು ಸದಸ್ಯರ ಬರಹಗಳನ್ನು ಸ್ವಂತ ಜಾಲತಾಣಗಳಲ್ಲಿ ಪ್ರಕಟಿಸುತ್ತಿರುವುದು ಸ್ತುತ್ಯರ್ಹವೇ ಸರಿ. ಅನ್ಯರ ಉಚಿತ ಜಾಗವನ್ನು ನಂಬಿದವರ ಗತಿಯೇನೆಂಬುದನ್ನು, 2009ರಲ್ಲಿ ಅಮೆರಿಕದಲ್ಲಿ ಯಾಹೂ ಸಂಸ್ಥೆಯು ಜಿಯೋಸಿಟೀಸನ್ನು ಮುಚ್ಚಿದಾಗ ಲೋಕವೇ ಕಂಡಿದೆ. ಆದರೆ ಸ್ವಂತ ಮನೆಗೆ ಕಾವಲೂ ಸ್ವಂತದ್ದೇ ಆಗಬೇಕು.

ತಾಣದ ಹೆಸರಿನ ನೋಂದಣಿಯನ್ನು ಸಕಾಲಕ್ಕೆ ನವೀಕರಿಸದಿದ್ದರೆ ಅದು ಪರರ ಪಾಲಾದೀತು. ವರ್ಡ್‌ಪ್ರೆಸ್‌ನಂತಹ ತಂತ್ರಾಂಶವನ್ನು ಆಗಿಂದಾಗ್ಗೆ ಪರಿಷ್ಕರಿಸದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಬರಹಗಳ ನಕಲು ಅದೇ ಸರ್ವರಿನಲ್ಲಿದ್ದರೆ ಪ್ರಯೋಜನವಿಲ್ಲ. ಬೇರೆಡೆಯೂ ಇರಬೇಕು, ಅದರಿಂದ ತಾಣವನ್ನು ಮರಳಿ ಕಟ್ಟಲಾಗುವುದೇ ಎಂದು ಪರೀಕ್ಷಿಸಿರಲೂಬೇಕು.

ಕಾರ್ಯಕಾರಿ ಸಮಿತಿ ಬದಲಾಗುತ್ತದೆ. ಗುಪ್ತಪದ ಮಾತ್ರ ಒಬ್ಬ ಉತ್ಸಾಹಿ ತರುಣನ ಬಳಿಯೇ ಉಳಿಯುತ್ತದೆ. ಆತ ಊರು ಬಿಟ್ಟನೆಂದರೆ ದಶಕದ ಬರಹವೂ ಕೈತಪ್ಪಿತು. ಆದುದರಿಂದ ನೋಂದಣಿ ಸಂಘದ ಹೆಸರಿನಲ್ಲಿರಲಿ. ಗುಪ್ತಪದಗಳು ಲೆಕ್ಕಪುಸ್ತಕದೊಡನೆಯೇ ಹಸ್ತಾಂತರವಾಗಲಿ. ವಾರ್ಷಿಕೋತ್ಸವದ ಮಂಟಪಕ್ಕೆ ಹಣವಿರುವಾಗ ಇದಕ್ಕಿಲ್ಲವೆನ್ನುವುದು ನ್ಯಾಯವೇ?